ಸುಮ್ಮನೆ ಮಲಗಿದ್ದರೂ ತಪ್ಪದ ಖರ್ಚು

ಸಂಸಾರ ನಡೆಸುವವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಬ್ಬವಿರಲಿ ಇಲ್ಲದಿರಲಿ, ನೆಂಟರು ಬರಲಿ ಬಾರದಿರಲಿ, ಸಂಬಳದ ಹಣದಲ್ಲಿ ದೊಡ್ಡದೊಂದು ಪಾಲು ತಿಂಗಳ ಮೊದಲ ವಾರದಲ್ಲಿಯೇ ಕರಗಿಹೋಗುತ್ತದೆ. ಮನೆಯ ಬಾಡಿಗೆ, ಹಾಲಿನ ಲೆಕ್ಕ, ದೀಪದ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ, ಇವು ಯಾವುವೂ ನಮ್ಮ ಇಷ್ಟಾನಿಷ್ಟಗಳನ್ನು ಕೇಳುವುದಿಲ್ಲ. ಹೊಸ ಸೀರೆಯನ್ನು ಮುಂದಿನ ತಿಂಗಳಿಗೆ ತಳ್ಳಬಹುದು, ಬಾಡಿಗೆಯನ್ನು ತಳ್ಳಲಾಗದು.

ನಮ್ಮ ದೇಹವೂ ಇಂತಹುದೇ ಒಂದು ಸಂಸಾರ. ಓಡಿದರೆ, ಭಾರ ಎತ್ತಿದರೆ, ಮಹಡಿ ಹತ್ತಿದರೆ ಮಾತ್ರ ಉಂಡ ಅನ್ನ ಖರ್ಚಾಗುತ್ತದೆಂದು ಬಹುಮಂದಿ ನಂಬಿದ್ದಾರೆ. ನಿಜವಾಗಿ ನೋಡಿದರೆ, ಕಚೇರಿಯಲ್ಲಿ ಕುಳಿತು ದುಡಿಯುವ ಮನುಷ್ಯನ ದಿನದ ಒಟ್ಟು ಖರ್ಚಿನಲ್ಲಿ ಮೂರನೆಯ ಎರಡು ಪಾಲಿಗೂ ಮಿಕ್ಕಿದ ಭಾಗವು, ಆತನು ಹಾಸಿಗೆಯಿಂದ ಏಳದೆ ಸುಮ್ಮನೆ ಮಲಗಿದ್ದರೂ ಆಗಿಯೇ ತೀರುವಂತಹುದು. ಈ ತಪ್ಪದ ಖರ್ಚಿಗೆ ಶರೀರಶಾಸ್ತ್ರಜ್ಞರು ಇಟ್ಟಿರುವ ಹೆಸರು ‘ಮೂಲ ಚಯಾಪಚಯ ದರ’; ವೈದ್ಯರ ಬಾಯಲ್ಲಿ ಅದು ‘ಬಿ.ಎಂ.ಆರ್.’

ಈ ಮೂರಕ್ಷರಗಳು ಈಗ ವೈದ್ಯರ ಬಾಯಲ್ಲಿ ಮಾತ್ರ ಉಳಿದಿಲ್ಲ. ನಗರದ ವ್ಯಾಯಾಮಶಾಲೆಗಳಲ್ಲಿ ಒಂದು ಬಗೆಯ ತೂಕದ ಯಂತ್ರವಿರುತ್ತದೆ. ಬರಿಗಾಲಿನಲ್ಲಿ ಅದರ ಮೇಲೆ ನಿಂತರೆ ತೂಕ, ಕೊಬ್ಬು, ಸ್ನಾಯು ಇವುಗಳ ಪ್ರಮಾಣದ ಜೊತೆಗೆ ‘ಬಿ.ಎಂ.ಆರ್. 1,190’ ಎಂಬಂತಹ ಒಂದು ಅಂಕಿಯನ್ನೂ ಚೀಟಿಯಲ್ಲಿ ಮುದ್ರಿಸಿ ಕೊಡುತ್ತದೆ. ಚೀಟಿಯನ್ನು ಹಿಡಿದ ತರುಣಿಯು ‘ದಿನಕ್ಕೆ ನಾನು ತಿನ್ನಬೇಕಾದುದು ಇಷ್ಟೇ’ ಎಂದು ಅರ್ಥಮಾಡಿಕೊಂಡು, ಮೈ ಇಳಿಸುವ ಆತುರದಲ್ಲಿ ಅದಕ್ಕಿಂತಲೂ ಕೆಳಗಿಳಿಯುತ್ತಾಳೆ. ಅನರ್ಥವು ಆರಂಭವಾಗುವುದು ಇಲ್ಲಿಯೇ. ಆ ಅಂಕಿಯು ಊಟದ ಗರಿಷ್ಠ ಮಿತಿಯಲ್ಲ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ನಮ್ಮ ಊಟವು ಎಂದೂ ಇಳಿಯಬಾರದ ನೆಲಗಟ್ಟು ಅದು. ಈ ಅಂತರವನ್ನು ತಿಳಿದುಕೊಂಡು, ನಮ್ಮ ನಮ್ಮ ಲೆಕ್ಕವನ್ನು ನಾವೇ ಹಾಕಿಕೊಳ್ಳುವುದು ಕಷ್ಟದ ಕೆಲಸವೇನೂ ಅಲ್ಲ.

ನಿದ್ರೆಯಲ್ಲಿಯೂ ನಿಲ್ಲದ ಕೆಲಸ

ರಾತ್ರಿ ಮನೆಮಂದಿಯೆಲ್ಲ ಮಲಗಿರುವಾಗ ದೇಹದೊಳಗೆ ಏನು ನಡೆಯುತ್ತಿರುತ್ತದೆ? ಹೃದಯವು ನಿಮಿಷಕ್ಕೆ ಅರವತ್ತು ಎಪ್ಪತ್ತು ಸಲ ಮಿಡಿದು ರಕ್ತವನ್ನು ಮೂಲೆಮೂಲೆಗೂ ತಳ್ಳುತ್ತಿರುತ್ತದೆ. ಎದೆಗೂಡು ಏರಿಳಿಯುತ್ತಿರುತ್ತದೆ. ಮೂತ್ರಪಿಂಡಗಳು ರಕ್ತವನ್ನು ಸೋಸುತ್ತಿರುತ್ತವೆ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಅಳೆದು ಅಳೆದು ರಕ್ತಕ್ಕೆ ಬಿಡುತ್ತಿರುತ್ತದೆ. ಸವೆದ ಜೀವಕೋಶಗಳು ಅಳಿದು ಹೊಸವು ಹುಟ್ಟುತ್ತಿರುತ್ತವೆ. ಒಂದೊಂದು ಜೀವಕೋಶವೂ, ಸೋರುವ ದೋಣಿಯಿಂದ ನೀರು ಮೊಗೆದು ಚೆಲ್ಲುವ ಅಂಬಿಗನ ಹಾಗೆ, ಒಳನುಗ್ಗುವ ಸೋಡಿಯಮ್ಮನ್ನು ಬಿಡುವಿಲ್ಲದೆ ಹೊರಹಾಕುತ್ತಿರುತ್ತದೆ. ಇಷ್ಟೆಲ್ಲದರ ಜೊತೆಗೆ ಮೈಯ ಬಿಸಿಯು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಂತಿರಬೇಕು.

ಈ ಖರ್ಚು ಹಂಚಿಹೋಗುವ ಬಗೆಯು ಕುತೂಹಲಕರವಾಗಿದೆ. ಮಿದುಳಿನ ತೂಕ ಸುಮಾರು 1,400 ಗ್ರಾಂ. ಎಂದರೆ ದೇಹದ ನೂರರಲ್ಲಿ ಎರಡು ಪಾಲು. ಆದರೆ ಮೂಲ ಖರ್ಚಿನಲ್ಲಿ ಅದು ಹೆಚ್ಚುಕಡಿಮೆ ಐದನೆಯ ಒಂದು ಪಾಲನ್ನು ಬೇಡುತ್ತದೆ. ಯಕೃತ್ತಿಗೂ ಅಷ್ಟೇ ಪಾಲು. ಒಂದು ಕಿಲೋಗ್ರಾಂ ತೂಕಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ಎಲ್ಲಕ್ಕಿಂತ ದುಬಾರಿಯಾದುವು ಹೃದಯ ಮತ್ತು ಮೂತ್ರಪಿಂಡಗಳು. ಅವು ದಿನಕ್ಕೆ ಕಿಲೋ ಒಂದಕ್ಕೆ ಸುಮಾರು 440 ಕ್ಯಾಲೊರಿಗಳನ್ನು ಬಳಸುತ್ತವೆ. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ಬೇಕಾಗುವುದು ಕಿಲೋ ಒಂದಕ್ಕೆ ಸುಮಾರು 13. ಕೊಬ್ಬಿಗೆ ಕೇವಲ ನಾಲ್ಕೂವರೆ. ‘ಒಂದಿಷ್ಟು ಸ್ನಾಯು ಬೆಳೆಸಿದರೆ ಸಾಕು, ಆಮೇಲೆ ಎಷ್ಟು ಉಂಡರೂ ಅದೇ ಕರಗಿಸುತ್ತದೆ’ ಎಂದು ವ್ಯಾಯಾಮಶಾಲೆಗಳಲ್ಲಿ ಕೇಳಿಬರುವ ಮಾತಿನಲ್ಲಿ ಎಷ್ಟು ಹುರುಳಿದೆಯೆಂಬುದನ್ನು ವಾಚಕರೇ ನಿರ್ಧರಿಸಬಹುದು. ಸ್ನಾಯುವನ್ನು ಬೆಳೆಸಲು ಬೇರೆ ಒಳ್ಳೆಯ ಕಾರಣಗಳು ಬೇಕಾದಷ್ಟಿವೆ.

ಕ್ಯಾಲೊರಿ ಎಂದರೆ ಏನು? ಅದು ಆಹಾರದಲ್ಲಿರುವ ಒಂದು ಪದಾರ್ಥವಲ್ಲ. ಗಜ, ಸೇರುಗಳಂತೆ ಒಂದು ಅಳತೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಮಾಡಲು ಬೇಕಾದ ಶಾಖವೇ ಊಟದ ಮಾತಿನಲ್ಲಿ ಒಂದು ಕ್ಯಾಲೊರಿ. ವಿಜ್ಞಾನಿಗಳು ಇದನ್ನೇ ಕಿಲೊಕ್ಯಾಲೊರಿ ಎನ್ನುತ್ತಾರೆ. 65 ಕಿಲೋ ತೂಕದ ಗಂಡಸಿನ ಮೂಲ ಖರ್ಚು ದಿನಕ್ಕೆ ಸುಮಾರು 1,500 ಕ್ಯಾಲೊರಿಗಳೆಂದರೆ, ಬಚ್ಚಲುಮನೆಯ ಹಂಡೆಯಲ್ಲಿ 20 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಇದನ್ನೇ ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಹಗಲಿರುಳು ಉರಿಯುವ 75 ವಾಟಿನ ಒಂದು ಬಲ್ಬು. ಮಲಗಿರುವ ಮನುಷ್ಯನೊಬ್ಬನು ಉರಿಯುತ್ತಿರುವ ಒಂದು ದೀಪಕ್ಕೆ ಸಮಾನ. ನಾಲ್ಕಾರು ಮಂದಿ ಕಿಟಕಿ ಮುಚ್ಚಿ ಮಲಗಿದ ಕೋಣೆ ಬೆಳಗಾಗುವುದರೊಳಗೆ ಕಾವೇರುವುದರ ಗುಟ್ಟೂ ಇದೇ.

ತಕ್ಕಡಿಯ ಮೇಲೆ ಉಂಡ ವೈದ್ಯ

ದೇಹದ ಈ ಗುಪ್ತ ಖರ್ಚನ್ನು ಮೊದಲು ಅಳೆಯಲು ಹೊರಟವನು ಇಟಲಿಯ ಪಡುವಾ ನಗರದ ವೈದ್ಯ ಸಾಂತೋರಿಯೋ. ಆತನು ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿಯನ್ನು ತೂಗುಹಾಕಿಸಿ, ಅದರಲ್ಲಿ ಕುಳಿತು ಉಂಡು, ತಾನು ತಿಂದುದನ್ನೂ ಕುಡಿದುದನ್ನೂ ವಿಸರ್ಜಿಸಿದುದನ್ನೂ ವರ್ಷಗಟ್ಟಲೆ ತೂಗುತ್ತಿದ್ದನು. ಲೆಕ್ಕ ಕೂಡಿಬರಲಿಲ್ಲ. ಎಂಟು ಪೌಂಡು ಅನ್ನಪಾನಗಳು ಒಳಹೋದರೆ ಐದು ಪೌಂಡುಗಳಷ್ಟು ಕಣ್ಣಿಗೆ ಕಾಣದಂತೆ ಮಾಯವಾಗುತ್ತಿತ್ತು. 1614ರಲ್ಲಿ ಆತನು ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ‘ಅಗೋಚರವಾದ ಬೆವರು’ ಎಂದು ಕರೆದನು. ಪ್ರಶ್ನೆ ಸರಿಯಾಗಿತ್ತು, ಉತ್ತರಕ್ಕೆ ಇನ್ನೂ ಕಾಲ ಕೂಡಿಬಂದಿರಲಿಲ್ಲ.

ಉತ್ತರ ಕೊಟ್ಟವನು ಫ್ರಾನ್ಸಿನ ಲಾವೋಸಿಯೇ. 1782-83ರ ಚಳಿಗಾಲದಲ್ಲಿ ಆತನೂ ಗಣಿತಜ್ಞ ಲಾಪ್ಲಾಸನೂ ಸೇರಿ ಗಿನಿ ಪಿಗ್ ಎಂಬ ಸಣ್ಣ ಪ್ರಾಣಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿ ಕೂರಿಸಿದರು. ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತೆಂಬುದನ್ನು ಅಳೆದರು. ಅದು ಉಸಿರಾಡಿ ಬಿಟ್ಟ ಅನಿಲವನ್ನೂ ಅಳೆದರು. ಅಷ್ಟೇ ಅನಿಲ ಬರುವಂತೆ ಇದ್ದಿಲನ್ನು ಸುಟ್ಟಾಗ ಹುಟ್ಟುವ ಶಾಖಕ್ಕೂ ಇದಕ್ಕೂ ಹೆಚ್ಚುಕಡಿಮೆ ತಾಳೆಬಿದ್ದಿತು. ಉಸಿರಾಟವೆಂಬುದು ಜ್ವಾಲೆಯಿಲ್ಲದೆ ನಿಧಾನವಾಗಿ ಉರಿಯುವ ಬೆಂಕಿ ಎಂಬುದು ಅಂದು ಬೆಳಕಿಗೆ ಬಂದಿತು.

ಕೆಲವು ವರ್ಷಗಳ ಅನಂತರ ಲಾವೋಸಿಯೇ ತನ್ನ ಸಹಾಯಕ ಸೆಗ್ಯಾಂ ಎಂಬುವನ ಮುಖಕ್ಕೆ ಮುಸುಕು ತೊಡಿಸಿ, ಹಸಿದಿದ್ದಾಗ, ಉಂಡಮೇಲೆ, ದುಡಿಯುವಾಗ ಆತನು ಎಷ್ಟು ಆಮ್ಲಜನಕವನ್ನು ಬಳಸುತ್ತಾನೆಂಬುದನ್ನು ಅಳೆದನು. ಆ ಪ್ರಯೋಗದ ಚಿತ್ರಗಳನ್ನು ಬರೆದವಳು ಆತನ ಪತ್ನಿ ಮಾರೀ ಆನ್. ಚಿತ್ರದಲ್ಲಿ ಮೇಜಿನ ಮುಂದೆ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿರುವವಳೂ ಆಕೆಯೇ. 1794ರ ಮೇ ತಿಂಗಳಲ್ಲಿ ಕ್ರಾಂತಿಕಾರರು ಲಾವೋಸಿಯೇಯ ತಲೆ ಕಡಿಸಿದರು. ಆದರೆ ಆತನು ಹಾಕಿಕೊಟ್ಟ ದಾರಿಯು ಮುಚ್ಚಿಹೋಗಲಿಲ್ಲ.

ನೂರು ವರ್ಷಗಳ ಬಳಿಕ ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿಯು ಮನುಷ್ಯನೊಬ್ಬನು ದಿನಗಟ್ಟಲೆ ವಾಸಿಸಬಲ್ಲ ಶಾಖಮಾಪಕ ಕೋಣೆಯನ್ನು ಕಟ್ಟಿಸಿ, ಉಂಡ ಆಹಾರದ ಶಕ್ತಿಗೂ ಹೊರಬಂದ ಶಾಖಕ್ಕೂ ಪೈಸಾ ಪೈಸೆಯ ಲೆಕ್ಕ ಹೊಂದುತ್ತದೆಂದು ತೋರಿಸಿದನು. ಪಿಷ್ಟ ಮತ್ತು ಸಕ್ಕರೆ ಗ್ರಾಮಿಗೆ 4 ಕ್ಯಾಲೊರಿ, ಸಸಾರಜನಕ ಗ್ರಾಮಿಗೆ 4, ಜಿಡ್ಡು ಗ್ರಾಮಿಗೆ 9 ಎಂದು ಇಂದಿಗೂ ಬಿಸ್ಕತ್ತಿನ ಪೊಟ್ಟಣದ ಹಿಂದಿರುವ ಲೆಕ್ಕವು ಆತನಿಂದ ಬಂದುದು.

ಅಳೆಯುವ ಕ್ರಮ

ಮೂಲ ಚಯಾಪಚಯವನ್ನು ಅಳೆಯಲು ಕಟ್ಟುನಿಟ್ಟಾದ ನಿಯಮಗಳಿವೆ. ಹಿಂದಿನ ರಾತ್ರಿ ಉಂಡು ಹನ್ನೆರಡು ಗಂಟೆಗಳಾದರೂ ಕಳೆದಿರಬೇಕು. ಬೆಳಿಗ್ಗೆ ಎಚ್ಚರವಾಗಿಯೂ ಅಲುಗಾಡದೆಯೂ ಮಲಗಿರಬೇಕು. ಕೋಣೆಯು ಚಳಿಯೂ ಆಗದ, ಸೆಕೆಯೂ ಆಗದ ಹದದಲ್ಲಿರಬೇಕು. ಮನಸ್ಸಿನಲ್ಲಿ ಉದ್ವೇಗವಿರಬಾರದು. ಆಗ ತಲೆಯ ಮೇಲೆ ಪಾರದರ್ಶಕವಾದ ಮುಸುಕನ್ನು ಹಾಕಿ, ಸೇದಿದ ಆಮ್ಲಜನಕವನ್ನೂ ಬಿಟ್ಟ ಇಂಗಾಲದ ಡೈ ಆಕ್ಸೈಡನ್ನೂ ಅಳೆಯುತ್ತಾರೆ. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಸುಮಾರು 4.8 ಕ್ಯಾಲೊರಿ ಖರ್ಚಾಯಿತೆಂದು ತಿಳಿಯಬೇಕು. ನಿಮಿಷಕ್ಕೆ 220 ಮಿಲಿಲೀಟರ್ ಬಳಸುವವನ ದಿನದ ಮೂಲ ಖರ್ಚು 1,500 ಕ್ಯಾಲೊರಿಗಳಿಗೆ ಸ್ವಲ್ಪ ಮೇಲೆ.

ವ್ಯಾಯಾಮಶಾಲೆಯ ಯಂತ್ರವಾಗಲಿ, ಕೈಗಡಿಯಾರದ ಹಾಗೆ ಕಟ್ಟಿಕೊಳ್ಳುವ ಉಪಕರಣವಾಗಲಿ ಹೀಗೆ ಉಸಿರನ್ನು ಅಳೆಯುವುದಿಲ್ಲ. ತೂಕ, ಎತ್ತರ, ವಯಸ್ಸುಗಳನ್ನು ಒಂದು ಸೂತ್ರಕ್ಕೆ ಹಾಕಿ ಉತ್ತರವನ್ನು ಊಹಿಸುತ್ತದೆ. ಅಂತಹ ಸೂತ್ರಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಎಂಬುವರು 1919ರಲ್ಲಿ ಪ್ರಕಟಿಸಿದುದು. 136 ಮಂದಿ ಗಂಡಸರು, 103 ಮಂದಿ ಹೆಂಗಸರು ಮತ್ತು 94 ಶಿಶುಗಳನ್ನು ಅಳೆದು ಅವರು ತಮ್ಮ ಗ್ರಂಥವನ್ನು ಬರೆದರು. ಅಲ್ಲಿಯ ಜನರಿಂದ ಹುಟ್ಟಿದ ಸೂತ್ರವು ಇಲ್ಲಿಯ ಜನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನವರೂ ಸೇರಿದ್ದಾರೆ.

ಬೆಂಗಳೂರಿನಿಂದ ಬಂದ ಉತ್ತರ

ಭಾರತೀಯರ ಮೂಲ ಚಯಾಪಚಯವು ಪಾಶ್ಚಾತ್ಯ ಸೂತ್ರಗಳು ಹೇಳುವುದಕ್ಕಿಂತ ಕಡಿಮೆಯೆಂಬುದು ಬಹುಕಾಲದಿಂದ ಕಂಡುಬಂದಿದ್ದ ವಿಷಯ. ಉಷ್ಣದೇಶದ ಹವೆಯೇ ಇದಕ್ಕೆ ಕಾರಣವೆಂದು ಕೆಲವರೂ, ಜನಾಂಗದ ಗುಣವೆಂದು ಕೆಲವರೂ ಹೇಳುತ್ತಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರೊಫೆಸರ್ ಪ್ರಕಾಶ್ ಶೆಟ್ಟಿಯವರೂ ಅವರ ಸಹೋದ್ಯೋಗಿಗಳೂ ನಮ್ಮ ಜನರನ್ನೇ ಅಳೆದು, ಭಾರತೀಯ ಗಂಡಸರಿಗೂ ಹೆಂಗಸರಿಗೂ ಹೊಂದುವ ಸೂತ್ರಗಳನ್ನು 1993ರಲ್ಲಿ ಪ್ರಕಟಿಸಿದರು. 1998ರಲ್ಲಿ ಭಾರತದ ಮತ್ತು ಆಸ್ಟ್ರೇಲಿಯದ ಜನರ ಅಳತೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲಾಯಿತು. ಕೊಬ್ಬನ್ನು ಕಳೆದು ಉಳಿದ ದೇಹದ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಜನಾಂಗದಿಂದ ಜನಾಂಗಕ್ಕೆ ವ್ಯತ್ಯಾಸವೇ ಕಾಣಲಿಲ್ಲ. ನಮ್ಮ ಖರ್ಚು ಕಡಿಮೆಯಾಗಿರುವುದು ನಾವು ಬೇರೆ ಜಾತಿಯ ಮನುಷ್ಯರೆಂದಲ್ಲ. ಅಷ್ಟೇ ತೂಕದ ದೇಹದಲ್ಲಿ ನಮಗೆ ಸ್ನಾಯು ಮುಂತಾದ ದುಡಿಯುವ ಭಾಗ ಕಡಿಮೆ, ಕೊಬ್ಬು ಹೆಚ್ಚು.

ಹೆಂಗಸರ ಖರ್ಚು ಗಂಡಸರಿಗಿಂತ ಕಡಿಮೆಯಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯು ಅತಿಯಾಗಿ ಕೆಲಸ ಮಾಡಿದರೆ ಖರ್ಚು ಏರುತ್ತದೆ, ಸೋತರೆ ಇಳಿಯುತ್ತದೆ. ರಕ್ತದಲ್ಲಿ ಥೈರಾಯ್ಡ್ ರಸವನ್ನು ನೇರವಾಗಿ ಅಳೆಯುವ ಪರೀಕ್ಷೆಗಳು ಬರುವ ಮುನ್ನ ವೈದ್ಯರು ಈ ರೋಗಗಳನ್ನು ಪತ್ತೆ ಮಾಡಲು ಬಿ.ಎಂ.ಆರ್. ಪರೀಕ್ಷೆಯನ್ನೇ ನೆಚ್ಚಿದ್ದರು. ಜ್ವರದಲ್ಲಿ ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಖರ್ಚು ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚಾಗುತ್ತದೆ. ಜ್ವರವೆಂದ ಕೂಡಲೇ ದಿನಗಟ್ಟಲೆ ಲಂಘನ ಮಾಡಿಸುವವರು ಇದನ್ನು ನೆನಪಿನಲ್ಲಿಡಬೇಕು. ರೋಗಿಗೆ ಬೇಕಾದುದು ಬರಿಯ ಹೊಟ್ಟೆಯಲ್ಲ, ಸುಲಭವಾಗಿ ಅರಗುವ ಆಹಾರ.

ವಯಸ್ಸಿನ ವಿಷಯದಲ್ಲಿ ಹಳೆಯ ನಂಬಿಕೆಯೊಂದು ಈಚೆಗೆ ಸಡಿಲವಾಗಿದೆ. ಮೂವತ್ತು ದಾಟಿದೊಡನೆ ದೇಹದ ಒಲೆ ಮಂದವಾಗುತ್ತದೆಂದು ಎಲ್ಲರೂ ಹೇಳುತ್ತಿದ್ದರು. 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಕಲೆಹಾಕಿ 2021ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯೇ ಕತೆ ಹೇಳಿತು. ದೇಹದ ಗಾತ್ರಕ್ಕೆ ಹೋಲಿಸಿ ನೋಡಿದರೆ ಒಂದು ವರ್ಷದ ಕೂಸಿನ ಒಲೆ ವಯಸ್ಕರದಕ್ಕಿಂತ ಒಂದೂವರೆಯಷ್ಟು ಬಿರುಸಾಗಿ ಉರಿಯುತ್ತದೆ. ಇಪ್ಪತ್ತರಿಂದ ಅರವತ್ತರವರೆಗೆ ಅದು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಅರವತ್ತರ ಮೇಲೆ ವರ್ಷಕ್ಕೆ ನೂರಕ್ಕೆ ಮುಕ್ಕಾಲು ಪಾಲಿನಂತೆ ಇಳಿಯುತ್ತದೆ. ನಲವತ್ತರಲ್ಲಿ ಹೊಟ್ಟೆ ಬಂದರೆ ಒಲೆಯನ್ನು ದೂರುವಂತಿಲ್ಲ. ಕುರ್ಚಿಯನ್ನೂ ಕರಿದ ತಿಂಡಿಯನ್ನೂ ವಿಚಾರಿಸಿಕೊಳ್ಳಬೇಕು.

ಮನೆಯಲ್ಲಿಯೇ ಹಾಕಬಹುದಾದ ಲೆಕ್ಕ

ಸೂತ್ರಗಳು ಬೇಡವೆನ್ನುವವರಿಗೆ ಒಂದು ಬಾಯಿಲೆಕ್ಕವಿದೆ. ಗಂಡಸಾದರೆ ಒಂದು ಕಿಲೋ ತೂಕಕ್ಕೆ ಗಂಟೆಗೆ 1 ಕ್ಯಾಲೊರಿ, ಹೆಂಗಸಾದರೆ 0.9. ಇದನ್ನು ತೂಕದಿಂದಲೂ 24 ಗಂಟೆಗಳಿಂದಲೂ ಗುಣಿಸಿದರೆ ದಿನದ ಮೂಲ ಖರ್ಚು ಸಿಕ್ಕುತ್ತದೆ. ಅದರ ಮೇಲೆ ನಡೆದಾಟ, ದುಡಿಮೆ, ಉಂಡುದನ್ನು ಅರಗಿಸುವ ಶ್ರಮ ಇವುಗಳ ಖರ್ಚು ಸೇರಬೇಕು. ಅದಕ್ಕಾಗಿ, ಕುಳಿತು ಕೆಲಸ ಮಾಡುವವರು ಮೂಲ ಖರ್ಚನ್ನು 1.4ರಿಂದ, ಓಡಾಟದ ಕೆಲಸ ಉಳ್ಳವರು 1.8ರಿಂದ, ಗದ್ದೆಯಲ್ಲಿ ಇಲ್ಲವೆ ಕಟ್ಟಡದಲ್ಲಿ ಮೈಮುರಿದು ದುಡಿಯುವವರು 2.3ರಿಂದ ಗುಣಿಸಬೇಕು.

ಮಾದರಿಗೆಂದು ನಾಲ್ಕು ಮಂದಿಯ ಒಂದು ಮನೆಯನ್ನು ತೆಗೆದುಕೊಳ್ಳೋಣ.

ಯಜಮಾನರಿಗೆ ನಲವತ್ತೆರಡು ವರ್ಷ, ತೂಕ 65 ಕಿಲೋ, ಕಚೇರಿಯ ಕೆಲಸ. ಮೂಲ ಖರ್ಚು 65ನ್ನು 24ರಿಂದ ಗುಣಿಸಿದರೆ 1,560. ಅದನ್ನು 1.4ರಿಂದ ಗುಣಿಸಿದರೆ ಸುಮಾರು 2,180. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಇಂತಹವರಿಗೆ ಗೊತ್ತುಮಾಡಿದ ಪ್ರಮಾಣ 2,110. ಬಾಯಿಲೆಕ್ಕಕ್ಕೂ ಅದಕ್ಕೂ ಅಂತರ 70 ಕ್ಯಾಲೊರಿ ಮಾತ್ರ.

ಗೃಹಿಣಿಗೆ ಮೂವತ್ತೆಂಟು ವರ್ಷ. ತೂಕ 55 ಕಿಲೋ. ಮೂಲ ಖರ್ಚು 1,188. ಕುಳಿತೇ ಇರುವವಳೆಂದು ಎಣಿಸಿದರೆ ದಿನಕ್ಕೆ ಸುಮಾರು 1,660. ಸಂಸ್ಥೆಯ ಅಂಕಿಯೂ ಅದೇ. ಆದರೆ ಬೆಳಿಗ್ಗೆ ಐದೂವರೆಗೆ ಎದ್ದು ಗುಡಿಸಿ, ಸಾರಿಸಿ, ಅಡಿಗೆ ಮಾಡಿ, ಬಟ್ಟೆ ಒಗೆದು, ಮಾರುಕಟ್ಟೆಗೆ ನಡೆದುಹೋಗಿ ಬರುವವಳನ್ನು ಕುಳಿತಿರುವವಳೆಂದು ಬರೆದುಕೊಳ್ಳುವುದು ನ್ಯಾಯವಲ್ಲ. ಆಕೆಗೆ 1.6 ಎಂದಿಟ್ಟರೂ 1,900 ಬೇಕು.

ಅಜ್ಜನಿಗೆ ಎಪ್ಪತ್ತು ವರ್ಷ. ತೂಕ 58 ಕಿಲೋ. ಬಾಯಿಲೆಕ್ಕದ 1,392ರಲ್ಲಿ ವಯಸ್ಸಿಗಾಗಿ ನೂರಕ್ಕೆ ಏಳನ್ನು ಕಳೆದರೆ ಸುಮಾರು 1,300. ದಿನಕ್ಕೆ ಒಟ್ಟು 1,800. ನೌಕರಿಯಲ್ಲಿದ್ದಾಗ ಉಂಡಷ್ಟೇ ಅನ್ನವನ್ನು ಈಗಲೂ ಉಣ್ಣುವುದು ಅವರಿಗೆ ಸಲ್ಲದು. ಆದರೆ ವಯಸ್ಸಾದವರಿಗೆ ಸಸಾರಜನಕದ ಅಗತ್ಯವು ಕಡಿಮೆಯಾಗುವುದಿಲ್ಲ. ಅನ್ನದ ತುತ್ತನ್ನು ಇಳಿಸಬೇಕೇ ಹೊರತು ಬೇಳೆ, ಹಾಲು, ಮೊಸರುಗಳನ್ನಲ್ಲ.

ಇನ್ನು ಹೈಸ್ಕೂಲಿನಲ್ಲಿ ಓದುತ್ತಿರುವ ಹದಿನಾಲ್ಕು ವರ್ಷದ ಮಗಳು. ಬೆಳೆಯುವ ವಯಸ್ಸಿಗೆ ಮೇಲಿನ ಬಾಯಿಲೆಕ್ಕ ಒಪ್ಪುವುದಿಲ್ಲ. 13ರಿಂದ 15 ವರ್ಷದ, ಸಾಕಷ್ಟು ಆಡಿ ಓಡಾಡುವ ಹುಡುಗಿಯರಿಗೆ ಅದೇ ಸಂಸ್ಥೆ ಹೇಳುವ ಪ್ರಮಾಣ 2,400, ಹುಡುಗರಿಗೆ 2,860. ಈ ಅಂಕಿಯನ್ನು ವಾಚಕರು ಇನ್ನೊಮ್ಮೆ ನೋಡಬೇಕು. ಆ ಹುಡುಗಿಗೆ ಬೇಕಾದುದು ಅವಳ ತಂದೆಗೆ ಬೇಕಾದುದಕ್ಕಿಂತಲೂ ಹೆಚ್ಚು! ‘ಹೆಣ್ಣುಮಗು, ಹೆಚ್ಚು ತಿಂದರೆ ದಪ್ಪಗಾಗುತ್ತಾಳೆ’ ಎಂದು ಮನೆಯವರು ತಡೆಯುವುದೂ, ಗೆಳತಿಯರ ಮಾತಿಗೆ ನೊಂದು ಅವಳೇ ಬೆಳಗಿನ ತಿಂಡಿಯನ್ನು ಬಿಡುವುದೂ ಇದೇ ವಯಸ್ಸಿನಲ್ಲಿ. ಅವಳ ಮೂಲ ಖರ್ಚೇ 1,200ರ ಮೇಲಿದೆ. ಮೂಳೆ ಬಲಿಯುವ, ರಕ್ತ ಹೆಚ್ಚಬೇಕಾದ ಕಾಲದಲ್ಲಿ ಉಣ್ಣದೆ ಉಳಿಸಿದುದನ್ನು ಅವಳು ಮುಂದೆ ಬಡ್ಡಿಸಮೇತ ತೆರಬೇಕಾಗುತ್ತದೆ.

ಬಸುರಿಯಾದವಳಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಮೊದಲ ಆರು ತಿಂಗಳು ಎದೆಹಾಲೂಡುವವಳಿಗೆ 600, ಆಮೇಲಿನ ಆರು ತಿಂಗಳು 520 ಹೆಚ್ಚು ಬೇಕು. ಪಥ್ಯದ ಹೆಸರಿನಲ್ಲಿ ಬಾಣಂತಿಯ ಊಟವನ್ನು ಕಟ್ಟುಮಾಡುವ ಮನೆಗಳವರು ಈ ಅಂಕಿಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಟ್ಟರೆ ಒಳಿತು.

ಅಂಕಿಯು ಅನ್ನವಾಗುವುದು ಹೇಗೆ? ಗೃಹಿಣಿಯ 1,900ನ್ನು ಬಡಿಸಿ ನೋಡೋಣ. ಅಕ್ಕಿ 200 ಗ್ರಾಂ, 700 ಕ್ಯಾಲೊರಿ. ರಾಗಿ ಇಲ್ಲವೆ ಗೋಧಿ ಹಿಟ್ಟು 100 ಗ್ರಾಂ, 320. ಬೇಳೆ 60 ಗ್ರಾಂ, 200. ಹಾಲು ಮೊಸರು ಸೇರಿ 300 ಮಿಲಿಲೀಟರ್, 210. ಎಣ್ಣೆ ತುಪ್ಪ ಸೇರಿ 25 ಗ್ರಾಂ, 225. ತರಕಾರಿ ಸೊಪ್ಪು 300 ಗ್ರಾಂ, 100. ಒಂದು ಹಣ್ಣು, 80. ಕಾಫಿಗೆ ಮೂರು ಚಮಚ ಸಕ್ಕರೆ, 60. ಅಕ್ಕಿ, ಹಿಟ್ಟು, ಬೇಳೆಗಳನ್ನು ಬೇಯಿಸುವ ಮೊದಲು ತೂಗಿದ್ದೇವೆ. ಎಲ್ಲ ಸೇರಿ 1,895. ಇದು ಉಪವಾಸದ ಊಟವೂ ಅಲ್ಲ, ಭೂರಿಭೋಜನವೂ ಅಲ್ಲ. ನಮ್ಮ ಎಂದಿನ ಊಟವೇ.

ಬಾಡಿಗೆಗೇ ಕತ್ತರಿ ಹಾಕಿದರೆ

ಆದಾಯ ಕುಗ್ಗಿದ ಸಂಸಾರವು ಏನು ಮಾಡುತ್ತದೆ? ಮೊದಲು ಕೂಡಿಟ್ಟುದನ್ನು ಒಡೆಯುತ್ತದೆ. ಆಮೇಲೆ ಚಿಕ್ಕ ಮನೆಗೆ ಹೋಗುತ್ತದೆ. ದೇಹದ ನಡೆಯೂ ಹೀಗೆಯೇ ಎಂಬುದನ್ನು ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ನಡೆಸಿದ ಪ್ರಯೋಗವು ತೋರಿಸಿಕೊಟ್ಟಿತು. ಯುದ್ಧದಿಂದ ಜರ್ಝರಿತವಾದ ಯೂರೋಪಿನಲ್ಲಿ ಲಕ್ಷಾಂತರ ಜನ ಹಸಿದಿದ್ದರು. ಹಸಿದವರಿಗೆ ಮತ್ತೆ ಉಣಿಸುವ ಸರಿಯಾದ ಕ್ರಮವನ್ನು ತಿಳಿಯಬೇಕಾಗಿತ್ತು. ಕೊಲ್ಲುವುದು ತಮ್ಮ ಅಂತಃಕರಣಕ್ಕೆ ವಿರುದ್ಧವೆಂದು ಸೈನ್ಯಕ್ಕೆ ಸೇರಲೊಪ್ಪದ 36 ಮಂದಿ ತರುಣರು ಇದಕ್ಕೆ ತಮ್ಮ ದೇಹವನ್ನೇ ಒಪ್ಪಿಸಿದರು.

1945ರ ಫೆಬ್ರವರಿಯಿಂದ 24 ವಾರಗಳ ಕಾಲ ಅವರಿಗೆ ದಿನಕ್ಕೆ ದೊರೆತುದು ಸುಮಾರು 1,570 ಕ್ಯಾಲೊರಿ. ಅವರ ಎಂದಿನ ಊಟದ ಅರ್ಧದಷ್ಟು. ಅವರ ತೂಕ ನಾಲ್ಕನೆಯ ಒಂದು ಪಾಲು ಇಳಿಯಿತು. ಮೂಲ ಚಯಾಪಚಯವೋ ನೂರಕ್ಕೆ ಸುಮಾರು ನಲವತ್ತರಷ್ಟು ಕುಸಿಯಿತು. ದೇಹವು ಸಣ್ಣದಾದುದರಿಂದ ಖರ್ಚು ಇಳಿಯುವುದು ಸಹಜವೇ. ಆದರೆ ಉಳಿದ ದೇಹವೂ ತನ್ನ ದೀಪವನ್ನು ಕಿರಿದುಮಾಡಿಕೊಂಡಿತ್ತು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲಿಯೂ ಚಳಿಯೆಂದು ಕಂಬಳಿ ಹೊದೆಯುವವರಾದರು. ಮಹಡಿ ಹತ್ತಲು ಕಾಲು ಬಾರದಾಯಿತು. ನಗೆಮಾತು ಅಡಗಿ, ಸಿಡುಕು ಬೆಳೆಯಿತು. ಓದಿದರೆ ಅಡಿಗೆಯ ಪುಸ್ತಕ, ಆಡಿದರೆ ಊಟದ ಮಾತು. ಮತ್ತೆ ಹೊಟ್ಟೆತುಂಬ ಬಡಿಸಿದಾಗ ಎಷ್ಟು ಉಂಡರೂ ತಿಂಗಳುಗಟ್ಟಲೆ ಹಸಿವು ತೀರಲಿಲ್ಲ; ಮೊದಲು ಮರಳಿ ಬಂದುದು ಸ್ನಾಯುವಲ್ಲ, ಕೊಬ್ಬು.

ಮೂವತ್ತು ದಿನಗಳಲ್ಲಿ ಮೈ ಕರಗಿಸುವ ಭರವಸೆ ಕೊಡುವ ಎಲ್ಲ ಪಥ್ಯಗಳ ಒಳಗುಟ್ಟೂ ಇದರಲ್ಲಿದೆ. ಮೂಲ ಖರ್ಚಿಗೂ ಸಾಲದಷ್ಟು ಉಣ್ಣುವವರು ಮೊದಲ ವಾರಗಳಲ್ಲಿ ಸರಸರನೆ ಇಳಿಯುತ್ತಾರೆ. ಇಳಿದುದರಲ್ಲಿ ನೀರೂ ಸ್ನಾಯುವೂ ಸೇರಿರುತ್ತವೆ. ಆಮೇಲೆ ದೇಹ ಬಿಗಿಹಿಡಿಯುತ್ತದೆ, ಹಸಿವು ಕೆರಳುತ್ತದೆ, ಕಡೆಗೊಂದು ದಿನ ಕಟ್ಟು ಹರಿಯುತ್ತದೆ. ಇಳಿದ ತೂಕ ಹಿಂದಿರುಗುತ್ತದೆ; ಹೋದ ಸ್ನಾಯು ಅಷ್ಟು ಬೇಗ ಹಿಂದಿರುಗುವುದಿಲ್ಲ.

ಇಳಿಯಲೇಬೇಕಾದವರಿಗೆ

ಹೊಟ್ಟೆಯ ಕೊಬ್ಬು, ಸಕ್ಕರೆ ರೋಗ, ರಕ್ತದೊತ್ತಡಗಳ ಭಯವಿರುವವರು ತೂಕ ಇಳಿಸುವುದು ಅವಶ್ಯಕವೇ. ಅವರು ದಿನದ ಒಟ್ಟು ಖರ್ಚಿನಿಂದ 300ರಿಂದ 500 ಕ್ಯಾಲೊರಿಗಳನ್ನು ಕಳೆಯಲಿ. ಮೂಲ ಖರ್ಚನ್ನು ಮುಟ್ಟದಿರಲಿ. ಮೇಲಿನ ಯಜಮಾನರು 1,700ರಷ್ಟರಲ್ಲಿ ಉಂಡರೆ ತಿಂಗಳಿಗೆ ಒಂದೂವರೆ ಕಿಲೋ ಆಸುಪಾಸಿನಲ್ಲಿ ಇಳಿಯಬಹುದು. ಇಳಿಯುತ್ತ ಬಂದಂತೆ ದೇಹದ ಖರ್ಚೂ ಇಳಿಯುವುದರಿಂದ, ಕೆಲವು ತಿಂಗಳಿಗೊಮ್ಮೆ ಹೊಸ ತೂಕಕ್ಕೆ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಕತ್ತರಿಯನ್ನು ಎಲ್ಲಿ ಹಾಕಬೇಕು? ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿಗಳಿವೆ. 60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ಸಂಜೆ ಉದ್ಯಾನದಲ್ಲಿ ಎರಡು ಸುತ್ತು ಹಾಕಿ, ಬರುವಾಗ ಬಿಸಿ ಬೋಂಡ ತಿಂದು ಬಂದವರ ಜಮಾಖರ್ಚು ಎಲ್ಲಿಗೆ ಮುಟ್ಟುತ್ತದೆಂದು ಹೇಳಬೇಕಾಗಿಲ್ಲ. ನಡಿಗೆಯನ್ನು ಬಿಡಬಾರದು, ಅದು ಸ್ನಾಯುವನ್ನು ಕಾಯುತ್ತದೆ, ಹೃದಯಕ್ಕೆ ಹಿತ. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಬಾಣಲೆಯನ್ನು ಬಿಟ್ಟು ಕಾಲನ್ನು ಮಾತ್ರ ನೆಚ್ಚಿದರೆ ಸಾಲದು.

ಇನ್ನೊಂದು ಮಾತು. ಇಲ್ಲಿಯ ಅಂಕಿಗಳೆಲ್ಲ ಸರಾಸರಿಗಳು. ಒಂದೇ ತೂಕದ, ಒಂದೇ ವಯಸ್ಸಿನ ಇಬ್ಬರಲ್ಲಿಯೂ ಮೂಲ ಖರ್ಚು ನೂರಕ್ಕೆ ಹತ್ತರಷ್ಟು ಅತ್ತಿತ್ತ ಇರುವುದು ಸಾಮಾನ್ಯ. ಆದುದರಿಂದ ಲೆಕ್ಕವನ್ನು ಹಾಕಿದಮೇಲೆ ತಕ್ಕಡಿಯನ್ನು ಕೇಳಬೇಕು. ವಾರಕ್ಕೊಮ್ಮೆ, ಬೆಳಿಗ್ಗೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಟ್ಟರೆ ಒಂದೆರಡು ತಿಂಗಳಲ್ಲಿ ನಮ್ಮ ದೇಹದ ನಿಜವಾದ ಖರ್ಚು ತಾನಾಗಿ ಗೊತ್ತಾಗುತ್ತದೆ. ತೂಕ ನಿಂತಲ್ಲಿ ನಿಂತಿದ್ದರೆ ಒಳಬಂದುದೂ ಹೊರಹೋದುದೂ ಸಮ. ಕಾರಣವಿಲ್ಲದೆ ತೂಕ ಇಳಿಯುತ್ತ ಹೋದರೆ ಅಥವಾ ಏರುತ್ತ ಹೋದರೆ ಲೆಕ್ಕವನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಪಂಕ್ತಿಯಲ್ಲಿ ಭೇದ ಮಾಡಬಾರದೆಂಬುದು ನಮ್ಮ ಹಿರಿಯರ ನಿಯಮ. ಅದರ ಅರ್ಥ ಎಲ್ಲರ ಎಲೆಗೂ ಒಂದೇ ಅಳತೆಯಲ್ಲಿ ಬಡಿಸಬೇಕೆಂದಲ್ಲ. ಯಾರಿಗೂ ಬೇಕಾದುದು ಕಡಿಮೆಯಾಗಬಾರದೆಂದು. ಅಜ್ಜನಿಗೆ ಒಂದು ಹಿಡಿ ಅನ್ನ ಕಡಿಮೆ, ಒಂದು ಸೌಟು ಬೇಳೆ ಹೆಚ್ಚು. ಮಗಳಿಗೆ ಇನ್ನೊಂದು ರೊಟ್ಟಿ, ಇನ್ನೊಂದು ಲೋಟ ಹಾಲು. ಯಜಮಾನರಿಗೆ ಎರಡನೆಯ ಸಲದ ತುಪ್ಪಕ್ಕೆ ವಿರಾಮ. ಹೀಗೆ ಎಲ್ಲರ ಲೆಕ್ಕವನ್ನು ಹಾಕಿ ಬಡಿಸಿದ ಕೈ, ತನ್ನ ಲೆಕ್ಕವನ್ನು ಮಾತ್ರ ಪಾತ್ರೆಯ ತಳದಲ್ಲಿ ಮಿಕ್ಕುದಕ್ಕೆ ಬಿಡುವುದು ಎಷ್ಟೋ ಮನೆಗಳ ರೂಢಿ. ಆಕೆಗೂ 1,900 ಬೇಕು. ಅಡಿಗೆ ಮುಗಿದೊಡನೆ ಆಕೆಯ ಪಾಲನ್ನು ಮೊದಲು ತೆಗೆದಿಟ್ಟು, ಆಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಒಳ್ಳೆಯದು.